ಹನ್ನೆರಡು ಟಾರ್ಚು, ಒಂದು ಕತ್ತಲೆ

ಕರೆಂಟು ಹೋಗಿ ಮನೆಮಂದಿಯೆಲ್ಲ ಗೊಣಗುತ್ತಿರುವಾಗ ಒಬ್ಬನ ಮುಖ ಮಾತ್ರ ಅರಳಿತೆಂದರೆ, ಆತನಿಗೆ ಟಾರ್ಚುಗಳ ಹುಚ್ಚು ಹಿಡಿದಿದೆಯೆಂದು ತಿಳಿಯಬೇಕು. ಆ ಅರಳಿದ ಮುಖ ಕತ್ತಲಲ್ಲಿ ಯಾರಿಗೂ ಕಾಣದಿರುವುದು ಅವನ ಪುಣ್ಯ. ನನ್ನ ಮೇಜಿನ ಖಾನೆಯಲ್ಲಿ ಸದ್ಯಕ್ಕೆ ಹನ್ನೆರಡು ಟಾರ್ಚುಗಳಿವೆ. ‘ಇರುವುದು ಒಂದೇ ಕತ್ತಲೆ, ಅದಕ್ಕೆ ಹನ್ನೆರಡು ಟಾರ್ಚು ಯಾಕೆ?’ ಎಂದು ನನ್ನ ಹೆಂಡತಿ ಕೇಳಿ ಬಹಳ ದಿನಗಳಾದವು.

ಕತ್ತಲೆ ಒಂದೇ ಅಲ್ಲ ಎಂಬುದು ನನ್ನ ವಾದ. ಮಂಚದಡಿ ಉರುಳಿದ ಅಂಗಿಯ ಗುಂಡಿಯನ್ನು ಅಡಗಿಸಿಕೊಂಡ ಕತ್ತಲೆ ಮೊಳದುದ್ದದ್ದು. ಬಯಲಿನಾಚೆಯ ಮರವನ್ನು ನುಂಗಿ ಕುಳಿತ ಕತ್ತಲೆ ಮುನ್ನೂರು ಮೀಟರಿನದು. ಮೊದಲನೆಯದಕ್ಕೆ ಹರಡುವ ಬೆಳಕು ಬೇಕು, ಎರಡನೆಯದಕ್ಕೆ ಈಟಿಯಂತೆ ನೆಟ್ಟಗೆ ಹೋಗುವ ಬೆಳಕು. ಹೊಸಬರು ಇದನ್ನರಿಯದೆ ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆಗೆ ಮರುಳಾಗುತ್ತಾರೆ. ಲ್ಯೂಮೆನ್ ಎಂಬುದು ಟಾರ್ಚು ಹೊರಚೆಲ್ಲುವ ಒಟ್ಟು ಬೆಳಕಿನ ಅಳತೆಯೇ ಹೊರತು ಆ ಬೆಳಕು ಎಲ್ಲಿಯವರೆಗೆ ತಲುಪುತ್ತದೆಂಬುದರ ಲೆಕ್ಕವಲ್ಲ. ಅದನ್ನು ಹೇಳುವುದು ಕ್ಯಾಂಡೆಲಾ, ಅಂದರೆ ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ತೀವ್ರವಾಗಿದೆ ಎಂಬ ಅಳತೆ. 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಫ್‌ಎಲ್ 1 ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸ್‌ಗೆ, ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ದೂರವೇ ಟಾರ್ಚಿನ ವ್ಯಾಪ್ತಿ. 10,000 ಕ್ಯಾಂಡೆಲಾದ ಟಾರ್ಚಿಗೆ ಈ ದೂರ 200 ಮೀಟರ್. ಅದನ್ನು 400 ಮಾಡಬೇಕೆಂದರೆ 40,000 ಕ್ಯಾಂಡೆಲಾ ಬೇಕು. ಬೆಳದಿಂಗಳನ್ನೇ ಅಳತೆಗೋಲು ಮಾಡಿಕೊಂಡ ಆ ಎಂಜಿನಿಯರುಗಳ ನಡುವೆ ಒಬ್ಬ ರಸಿಕನಾದರೂ ಇದ್ದಿರಬೇಕೆಂದು ನನ್ನ ಗುಮಾನಿ.

ನಾನೂ ಮೊದಲು ಮರುಳಾದವನೇ. ಡಬ್ಬಿಯ ಮೇಲೆ ಐದಂಕಿಯ ಲ್ಯೂಮೆನ್ ನೋಡಿ ಕೊಂಡ ಆ ಟಾರ್ಚಿನ ಗುಂಡಿ ಒತ್ತಿದೊಡನೆ ಅಂಗಳದಲ್ಲಿ ಹಗಲಾಯಿತು. ಎರಡು ನಿಮಿಷದೊಳಗೆ ಅದರ ಮೈ ಕಾದು, ಬೆಳಕು ತಾನಾಗಿಯೇ ಕುಗ್ಗಿ ಸಂಜೆಯೂ ಆಯಿತು. ಕೆಟ್ಟುಹೋಯಿತೆಂದು ನಾನು ಗಾಬರಿಯಾದೆ. ಎಲ್‌ಇಡಿಯು ತಾನು ಪಡೆದ ವಿದ್ಯುತ್ತಿನ ಒಂದು ಪಾಲನ್ನು ಮಾತ್ರ ಬೆಳಕಾಗಿಸಿ ಉಳಿದದ್ದನ್ನು ಶಾಖವಾಗಿಸುತ್ತದೆಂದೂ, ಟಾರ್ಚಿನ ಮುಷ್ಟಿಗಾತ್ರದ ಅಲ್ಯೂಮಿನಿಯಂ ಮೈ ಆ ಶಾಖವನ್ನು ಅಷ್ಟು ಬೇಗ ಹೊರಗೆ ಬಿಡಲಾರದೆಂದೂ, ಒಳಗಿನ ಸರ್ಕ್ಯೂಟು ಅದನ್ನರಿತು ಬೆಳಕನ್ನು ಇಳಿಸುತ್ತದೆಂದೂ ಆಮೇಲೆ ತಿಳಿಯಿತು.

ನಮ್ಮ ಆಡುಮಾತಿನಲ್ಲಿ ಟಾರ್ಚನ್ನೇ ‘ಬ್ಯಾಟರಿ’ ಎನ್ನುವುದುಂಟು. ಹವ್ಯಾಸಿಗಳ ಮಟ್ಟಿಗೆ ಅದೇನೂ ತಪ್ಪಲ್ಲ, ಏಕೆಂದರೆ ಅವರ ಆಯ್ಕೆ ಆರಂಭವಾಗುವುದೇ ಸೆಲ್‌ನಿಂದ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದವಿರುವ 18650 ಎಂಬ ಸೆಲ್‌ಗೆ ಅದರ ಅಳತೆಯೇ ಹೆಸರು.

ಆದರೆ ನನ್ನನ್ನು ನಿಜವಾಗಿ ಹಾಳುಮಾಡಿದ್ದು ಬಣ್ಣ. ಬಿಳಿ ಎಲ್‌ಇಡಿಯ ಹೃದಯದಲ್ಲಿರುವುದು ಸಾಮಾನ್ಯವಾಗಿ ನೀಲಿ ಬೆಳಕು. ಅದರ ಮೇಲೆ ಬಳಿದ ಫಾಸ್ಫರ್ ಎಂಬ ಲೇಪವು ಆ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ; ಎರಡೂ ಬೆರೆತ ಬೆಳಕು ನಮ್ಮ ಕಣ್ಣಿಗೆ ಬಿಳಿಯೆನಿಸುತ್ತದೆ. ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕಾಗಿ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರು 2014ರಲ್ಲಿ ನೊಬೆಲ್ ಪಡೆದರು. ಅಗ್ಗದ ಟಾರ್ಚುಗಳಲ್ಲಿ ಆ ನೀಲಿ ಇನ್ನೂ ಇಣುಕುತ್ತಿರುತ್ತದೆ; ಅದರ ಬೆಳಕಿನಲ್ಲಿ ಅಂಗೈಯೂ ಹೆಣದ ಕೈಯಂತೆ ಕಾಣುತ್ತದೆ. ಸುಮಾರು 4,000 ಕೆಲ್ವಿನ್‌ನ, ಅಂದರೆ ನೀಲಿಗೆ ವಾಲದ ಬಿಳುಪಿನ, ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆಂದು ಹೇಳುವ ಸಿಆರ್‌ಐ ಅಂಕ ನೂರಕ್ಕೆ 90ಕ್ಕಿಂತ ಹೆಚ್ಚಿರುವ ಟಾರ್ಚನ್ನು ಹಿಡಿದಾಗ ಒಣಗಿದೆಲೆಯ ಕಂದು ಬೇರೆ, ಮಣ್ಣಿನ ಕಂದು ಬೇರೆ ಎಂದು ಮೊದಲ ಬಾರಿಗೆ ಕಂಡೆ. ಅಂದಿನಿಂದ ಎರಡು ಟಾರ್ಚುಗಳನ್ನು ಅಕ್ಕಪಕ್ಕ ಹಿಡಿದು, ಬಿಳಿಗೋಡೆಯ ಮೇಲಿನ ಎರಡು ಬೆಳಕಿನ ವೃತ್ತಗಳನ್ನು ಹೋಲಿಸುತ್ತ ಗಂಟೆಗಟ್ಟಲೆ ನಿಂತದ್ದುಂಟು. ಇದನ್ನು ನೋಡಿದವರು ನನ್ನ ಬಗ್ಗೆ ಏನೆಂದುಕೊಂಡರೋ, ಕೇಳುವ ಧೈರ್ಯ ನನಗಾಗಿಲ್ಲ.

ಇಷ್ಟೆಲ್ಲ ಇದ್ದರೂ ದಿನವೂ ಕೈಗೆ ಬರುವುದು ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಟಾರ್ಚು, ಅದೂ ಒಂದು ಲ್ಯೂಮೆನ್‌ಗಿಂತ ಕಡಿಮೆಯ ಬೆಳಕಿನಲ್ಲಿ. ನಡುರಾತ್ರಿ ನೀರು ಕುಡಿಯಲು ಎದ್ದವನ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಿರುತ್ತದೆ. ಹಾಗೆ ಒಗ್ಗಲು ಅದಕ್ಕೆ ಅರ್ಧ ಗಂಟೆಯಷ್ಟು ಬೇಕು, ಕೆಡಲು ಒಂದು ಕ್ಷಣ ಸಾಕು. ಆ ಕತ್ತಲೆಗೆ ಕಿಡಿಯಷ್ಟು ಬೆಳಕೇ ಧಾರಾಳ.

ಮೊನ್ನೆ ರಾತ್ರಿ ಕರೆಂಟು ಹೋದಾಗ ಹೆಂಡತಿ ಒಳಗಿನಿಂದ, ‘ರೀ, ಒಂದು ಟಾರ್ಚು ಕೊಡಿ’ ಎಂದಳು. ನಾನು ಖಾನೆಯನ್ನು ಎಳೆದು, ‘ಯಾವ ಕತ್ತಲೆಗೆ?’ ಎಂದು ಕೇಳಿದೆ. ಅವಳು ಉತ್ತರಿಸಲಿಲ್ಲ. ನಾನೇ ಊಹಿಸಿ, ಎರಡನ್ನು ತೆಗೆದು, ಒಂದನ್ನು ಮತ್ತೆ ಒಳಗಿಟ್ಟು, ಇನ್ನೊಂದರ ಸೆಲ್ ಬಿಗಿ ಮಾಡುವಷ್ಟರಲ್ಲಿ ಕರೆಂಟು ಬಂದಿತು.