ಬೀರುವಿನಲ್ಲಿ ಬಚ್ಚಿಡುವ ಪೋರ್ಟ್ ಅಲ್ಲ ಇದು

ಊರಲ್ಲಿ ನಮ್ಮ ಮಾವನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ, ನುಸಿಗುಳಿಗೆ ವಾಸನೆಯ ನಡುವೆ ಒಂದು ಪೋರ್ಟ್ ವೈನ್ ಬಾಟಲಿ ಇರುತ್ತಿತ್ತು. ಅರ್ಧ ಖಾಲಿ. ವರ್ಷಕ್ಕೆ ಒಂದೆರಡು ಸಲ ಹೊರಗೆ ಬರುತ್ತಿತ್ತು. "ಹಳೇದಾದಷ್ಟೂ ರುಚಿ ಕಣೋ, ರಕ್ತಕ್ಕೂ ಒಳ್ಳೇದು" ಅನ್ನುತ್ತಿದ್ದರು. ರಕ್ತದ ವಿಷಯ ಬಿಡಿ. ಮೊದಲನೇ ಮಾತನ್ನು ನಾನೂ ನಂಬಿದ್ದೆ.

ಈಗ ಪೋರ್ಚುಗಲ್‌ನ ಪೋರ್ಟೊ ಊರಲ್ಲಿದ್ದೇನೆ. ದೋರು ನದಿ ದಾಟಿದರೆ ಗಾಯಾ, ಅಲ್ಲಿ ಪೋರ್ಟ್ ಉಗ್ರಾಣಗಳ ಸಾಲು. ಅಂಗಡಿಯಲ್ಲಿ ಆರೇಳು ಯೂರೋ ಕೊಟ್ಟರೆ ಒಂದು ರೂಬಿ, ಅಂದರೆ ಎಳೆಯ ಕೆಂಪು ಪೋರ್ಟ್, ಸಿಗುತ್ತದೆ. ನನ್ನ ಮೊದಲ ಬಾಟಲಿಯನ್ನು ಮಾವನ ಥರವೇ ಎತ್ತಿಟ್ಟಿದ್ದೆ. ಎದುರು ಮನೆಯ ಅಜ್ಜಿ ನೋಡಿ ನಕ್ಕುಬಿಟ್ಟರು.

ಅವರು ನಕ್ಕಿದ್ದು ಸರಿಯೇ. ಪೋರ್ಟ್ ಮಾಡುವಾಗ ದ್ರಾಕ್ಷಿರಸ ಅರ್ಧ ಹುಳಿಯುವಷ್ಟರಲ್ಲಿ ಅದಕ್ಕೆ 77 ಶೇಕಡಾ ಆಲ್ಕೋಹಾಲಿನ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ, ಹೆಚ್ಚುಕಮ್ಮಿ ನಾಲ್ಕಕ್ಕೆ ಒಂದು ಪಾಲು. ಯೀಸ್ಟ್ ಸತ್ತು ಸಿಹಿ ಉಳಿಯುತ್ತದೆ. ಕೊನೆಗೆ ಆಲ್ಕೋಹಾಲು 20ರ ಆಸುಪಾಸು. ರೂಬಿಯನ್ನು ದೊಡ್ಡ ತೊಟ್ಟಿಗಳಲ್ಲಿ, ಜಾಸ್ತಿ ಗಾಳಿ ತಾಗದ ಹಾಗೆ ಎರಡು ಮೂರು ವರ್ಷ ಇಟ್ಟು, ಸೋಸಿ ತುಂಬುತ್ತಾರೆ. ಹಣ್ಣಿನ ತಾಜಾತನ ಉಳಿಯಲಿ ಅಂತಲೇ ಇಷ್ಟೆಲ್ಲ. ಬಾಟಲಿಯೊಳಗೆ ದಶಕಗಟ್ಟಲೆ ಮಾಗುವುದು ವಿಂಟೇಜ್ ಪೋರ್ಟ್, ಅದರ ಬೆಲೆಯೇ ಬೇರೆ. ಅಗ್ಗದ ರೂಬಿ ಫಿಲ್ಟರ್ ಕಾಫಿಯ ಡಿಕಾಕ್ಷನ್ ಇದ್ದ ಹಾಗೆ, ಇಟ್ಟಷ್ಟೂ ಕೆಡುತ್ತದೆ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದೆರಡು ವಾರದಲ್ಲಿ ಮುಗಿಸಬೇಕು.

ಕಳೆದ ಶನಿವಾರ ಒಂದು ಬಾಟಲಿ ತೆಗೆದೆ. ಅರ್ಧ ಗಂಟೆ ಫ್ರಿಜ್ಜು, ಆಮೇಲೆ ಚಿಕ್ಕ ಲೋಟ. ಬಿಳಿ ಹಾಳೆಯ ಮುಂದೆ ಹಿಡಿದರೆ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಹಳೇ ಸರಕು ಅಂತ ಅನುಮಾನ ಪಡಿ. ಮೂಗಿಗೆ ಚೆರ್ರಿ, ಪ್ಲಮ್, ಚೂರು ಕಾಳುಮೆಣಸು. ಬಾಯಿಗೆ ಹಾಕಿದರೆ ಮೊದಲು ಸಿಹಿ, ಹಿಂದೆಯೇ ಅಡಿಕೆ ಅಗಿದಂಥ ಒಗರು. ನಾನು ನೋಡುವುದು ಈ ಒಗರನ್ನೇ. ಒಗರು, ಹುಳಿ ಎರಡೂ ಇಲ್ಲದ ರೂಬಿ ಸುಮ್ನೆ ಕೆಮ್ಮಿನ ಸಿರಪ್ಪು. ನನ್ನ ಬಾಟಲಿಯಲ್ಲಿ ಒಗರು ಸ್ವಲ್ಪ ಕಮ್ಮಿ, ಕೊನೆಗೆ ಗಂಟಲಲ್ಲಿ ಸಾರಾಯಿ ಉರಿ. ಬೆಚ್ಚಗಾದಂತೆ ಆ ಉರಿ ಇನ್ನೂ ಜಾಸ್ತಿಯಾಯಿತು. ಆದರೂ ಆ ದುಡ್ಡಿಗೆ ಮತ್ತೆ ಕೊಳ್ಳುತ್ತೇನೆ.

ಇಲ್ಲಿಯವರು ಊಟ ಆದಮೇಲೆ ಚೀಸ್ ಜೊತೆ ಒಂದು ಗುಟುಕು ಕುಡಿಯುತ್ತಾರೆ. ನಾನು ಮೈಸೂರು ಪಾಕಿನ ಜೊತೆ ನೋಡಿದೆ, ಸಿಹಿ ಮೇಲೆ ಸಿಹಿಯಾಗಿ ಕೆಟ್ಟಿತು. ಕೋಡುಬಳೆ ಜೊತೆ ಮಾತ್ರ ಅದ್ಭುತ. ಉಪ್ಪು ಖಾರಕ್ಕೆ ಆ ಸಿಹಿ ಹೊಂದುತ್ತದೆ.

ಹಾಗಂತ ನಮ್ಮ ಕಡೆಯದನ್ನು ಹೀಗಳೆಯುತ್ತಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿ ನಾವು ಪೋರ್ಟ್ ಅಂತ ಕರೆಯುವ ಸಿಹಿ ವೈನಿಗೂ ಒಂದು ಘಮ ಇದೆ, ಅದು ದೋರು ಕಣಿವೆಯಲ್ಲಿ ಸಿಗಲ್ಲ. ಯುರೋಪಿನಲ್ಲಿ ಈ ಕಣಿವೆಯದನ್ನು ಬಿಟ್ಟು ಬೇರೆ ವೈನನ್ನು ಪೋರ್ಟ್ ಅಂತ ಮಾರುವಂತಿಲ್ಲ. ನಮ್ಮದನ್ನೂ ನಮ್ಮ ದ್ರಾಕ್ಷಿ ಹೆಸರಲ್ಲೇ ಮಾರಬಹುದಲ್ವಾ? ಎರವಲು ಹೆಸರು ಯಾಕೆ?

ಮೊನ್ನೆ ಫೋನಿನಲ್ಲಿ ಮಾವನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಸರಿ, ಬರುವಾಗ ಅಲ್ಲಿಂದ ಒಂದು ತಗೊಂಡು ಬಾ. ಹಳೇದರ ಪಕ್ಕ ಇಡೋಣ" ಅಂದರು.