ನಿರ್ದೇಶಕರ ಹೆಸರು ಕಂತಿಗೆ ಸೇರಬೇಕು

ಟಿವಿ ಧಾರಾವಾಹಿಗಳ ಡೇಟಾಬೇಸ್‌ (ಕಂಪ್ಯೂಟರ್‌ನಲ್ಲಿನ ಮಾಹಿತಿ ಸಂಗ್ರಹ) ಮಾಡಲು ಒಂದೇ ಟೇಬಲ್‌ನಲ್ಲಿ ಧಾರಾವಾಹಿ, ನಿರ್ದೇಶಕ, ನಟ 1, ನಟ 2, ನಟ 3 ಅಂತ ಕಾಲಂ ಮಾಡಿದರೆ ಸಾಕು ಎಂದು ಬರೆದಿದ್ದೀರಿ. ನಾಲ್ಕನೇ ನಟ ಬಂದರೆ ಎಲ್ಲಿ ಹಾಕೋದು?

‘ಮಾಲ್ಗುಡಿ ಡೇಸ್’ ತಗೊಳ್ಳಿ. 1986ರಲ್ಲಿ ಶುರುವಾದಾಗ ನಿರ್ದೇಶಕರು ಶಂಕರ್ ನಾಗ್. 2006ರಲ್ಲಿ ಬಂದ ಹೊಸ ಕಂತುಗಳಿಗೆ ಕವಿತಾ ಲಂಕೇಶ್. ನಿಮ್ಮ ಟೇಬಲ್‌ನಲ್ಲಿ ಇವರಲ್ಲಿ ಒಬ್ಬರ ಹೆಸರು ಬಿಟ್ಟೇ ಹೋಗುತ್ತದೆ, ಅಲ್ವಾ? ಅದು ನನಗೆ ನಿಜಕ್ಕೂ ಬೇಸರದ ವಿಷಯ. ನಿರ್ದೇಶಕರನ್ನು ಇಡೀ ಧಾರಾವಾಹಿಗಲ್ಲ, ಪ್ರತಿ ಕಂತಿಗೆ ಜೋಡಿಸಿ.

ನಟರಿಗೂ ಹಾಗೇ. ಕಂತಿನ ಐಡಿ (ಗುರುತಿನ ಸಂಖ್ಯೆ), ವ್ಯಕ್ತಿಯ ಐಡಿ, ಪಾತ್ರದ ಹೆಸರು ಇರುವ ಒಂದು ಸಣ್ಣ ಟೇಬಲ್ ಸಾಕು. ಆಗ ಒಬ್ಬರೇ ನಟ ಬೇರೆ ಬೇರೆ ಕಂತಿನಲ್ಲಿ ಬೇರೆ ಪಾತ್ರ ಮಾಡಿದರೂ ಗೊಂದಲವಿಲ್ಲ. ಪ್ರಸಾರದ ದಿನಾಂಕವನ್ನೂ ಬೇರೆ ಟೇಬಲ್‌ನಲ್ಲಿ ಇಡಿ, ಮರುಪ್ರಸಾರ ಇದ್ದೇ ಇರುತ್ತದೆ.