ಬೇಸಿಗೆಯಲ್ಲಿ ಹಕ್ಕಿ ನೋಡಲು ಹೊರಡುವವರಿಗೆ

ಶಿವರಾತ್ರಿ ಕಳೆಯಿತೆಂದರೆ ಮೈಸೂರಿನ ಪಕ್ಷಿವೀಕ್ಷಕರಲ್ಲಿ ಒಂದು ಬಗೆಯ ಆಲಸ್ಯ ಆವರಿಸುತ್ತದೆ. ಹದಿನಾರು ಕೆರೆಗೆ ಬಂದಿದ್ದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಗೆ ಮರಳುತ್ತವೆ, ಕೆರೆಗಳ ನೀರು ಇಳಿಯುತ್ತದೆ, ಇನ್ನು ನವೆಂಬರ್‌ವರೆಗೆ ನೋಡುವುದೇನಿದೆ ಎಂದು ಬೈನಾಕ್ಯುಲರ್ ಬೀರು ಸೇರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಎಷ್ಟು ಬಗೆಯ ಹಕ್ಕಿ ಕಂಡೆವೆಂದು ಪಟ್ಟಿ ಬೆಳೆಸುವ ಹಂಬಲ ಬಿಟ್ಟು, ಗೆಳೆಯರೊಡನೆ ಒಂದು ದಿನದ ಮಟ್ಟಿಗೆ ಹೊರಟು ಹಕ್ಕಿಯ ಸಂಸಾರವನ್ನು ನೋಡಬೇಕೆನ್ನುವವರಿಗೆ ನಮ್ಮ ಸೀಮೆಯಲ್ಲಿ ಫೆಬ್ರವರಿಯಿಂದ ಮೇವರೆಗಿನ ಕಾಲವೇ ಪ್ರಶಸ್ತ. ಏಕೆಂದರೆ ಇಲ್ಲಿಯ ಎಷ್ಟೋ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದು ಆಗಲೇ. ಆದರೆ ಅದೇ ಕಾರಣಕ್ಕೆ, ಚಳಿಗಾಲದಲ್ಲಿ ಕೆರೆಯಿಂದ ಕೆರೆಗೆ ಓಡುವ ನಮ್ಮ ರೂಢಿ ಈ ತಿಂಗಳುಗಳಿಗೆ ಸಲ್ಲದು.

ಹೆಚ್ಚಿನವರು ಮೊದಲು ನೆನೆಯುವುದು ರಂಗನತಿಟ್ಟನ್ನು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವೆನಿಸಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳೆನಿಸಿದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ ಈ ಜಾಗದ ಬಗ್ಗೆ ಹೊಸದಾಗಿ ಹೇಳಬೇಕಾದದ್ದು ಕಡಿಮೆ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚ ಕೊಕ್ಕು ಎಲ್ಲವೂ ದೋಣಿಯಿಂದಲೇ ಕಾಣುತ್ತವೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಸಿಗುತ್ತದೆ. ರಜೆಯ ದಿನಗಳ ಜನಜಂಗುಳಿಯನ್ನು ಸಹಿಸುವ ತಾಳ್ಮೆ ಇದ್ದರೆ ಹೋಗಿಬನ್ನಿ. ನನಗಂತೂ ಅದು ಇಲ್ಲ.

ನಾನು ಹೇಳಬೇಕೆಂದಿರುವುದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಬಗ್ಗೆ. ಬೇಸಿಗೆಯಲ್ಲಿ ಜಲಾಶಯದ ಮಟ್ಟ ಇಳಿದಂತೆ ಅಂಚಿನಲ್ಲಿ ಮೈಲುಗಟ್ಟಲೆ ಬಯಲು ತೆರೆದುಕೊಳ್ಳುತ್ತದೆ, ನಡುವೆ ಮರಳು ದಿಬ್ಬಗಳೂ ಬಂಡೆಗಳೂ ತಲೆ ಎತ್ತುತ್ತವೆ. ನೋಡುವವರಿಗೆ ಅದು ಬರೀ ಖಾಲಿ ನೆಲ. ಆ ಖಾಲಿ ನೆಲದಲ್ಲಿಯೇ ಟಿಟ್ಟಿಭ ಮೊಟ್ಟೆಯಿಡುತ್ತದೆ, ನದಿ ರೀವವೂ (ರಿವರ್ ಟರ್ನ್ ಎಂಬ ನೀರುಹಕ್ಕಿ) ದಿಬ್ಬಗಳನ್ನೇ ನೆಚ್ಚಿಕೊಂಡಿದೆ. ಟಿಟ್ಟಿಭದ ಗೂಡೆಂದರೆ ಅಂಗೈಯಗಲದ ಒಂದು ತಗ್ಗು, ಸುತ್ತ ನಾಲ್ಕಾರು ಹರಳು, ಒಣಗಿದ ಆಡಿನ ಹಿಕ್ಕೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಯಿರುವ ಮೊಟ್ಟೆಗಳು, ಸಾಮಾನ್ಯವಾಗಿ ನಾಲ್ಕು, ಚೂಪು ತುದಿಗಳನ್ನು ಒಳಮುಖವಾಗಿಸಿಕೊಂಡು ಕುಳಿತಿರುತ್ತವೆ. ಒಂದು ಮಾರು ದೂರದಲ್ಲಿ ನಿಂತು ದಿಟ್ಟಿಸಿದರೂ ಕಲ್ಲಿಗೂ ಅವಕ್ಕೂ ವ್ಯತ್ಯಾಸ ತಿಳಿಯದು. ನರಿಯ ಕಣ್ಣು ತಪ್ಪಿಸುವ ಈ ಬಣ್ಣ ಜೀಪಿನ ಚಕ್ರದಿಂದ ಕಾಪಾಡುವುದಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಈ ಹಕ್ಕಿ ಕಾವು ಕೂರುವುದು ಮೊಟ್ಟೆಯನ್ನು ಬೆಚ್ಚಗಿಡಲಲ್ಲ, ತಂಪಾಗಿಡಲು. ಮಧ್ಯಾಹ್ನ ತಾಯಿಯೋ ತಂದೆಯೋ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ನಾವು ಹತ್ತಿರ ಹೋದರೆ ಅದು ಎದ್ದು, ತಲೆಯ ಮೇಲೆ ಸುತ್ತುತ್ತಾ ಕಿರುಚುತ್ತದೆ. ಎಷ್ಟು ಹೊತ್ತು ನಾವು ಅಲ್ಲಿರುತ್ತೇವೆಯೋ ಅಷ್ಟು ಹೊತ್ತೂ ಕಾದ ನೆಲದ ಮೇಲೆ ಮೊಟ್ಟೆಗಳಿಗೆ ನೆರಳಿಲ್ಲ. ಒಳಗಿನ ಜೀವ ಸಾಯಲು ಅಂಥ ಬಿಸಿಲಿನಲ್ಲಿ ಬಹಳ ಹೊತ್ತು ಬೇಕಾಗುವುದಿಲ್ಲ. ಹಕ್ಕಿ ಕೂಗುತ್ತಿದೆ, ಎಷ್ಟು ಚೆನ್ನಾಗಿದೆ ಎಂದು ವಿಡಿಯೊ ಮಾಡುತ್ತಾ ನಿಲ್ಲುವವರನ್ನು ಕಂಡಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗುತ್ತದೆ, ಏಕೆಂದರೆ ಅವರಲ್ಲಿ ಅನೇಕರು ನಿಜವಾಗಿಯೂ ಹಕ್ಕಿಗಳನ್ನು ಇಷ್ಟಪಡುವವರು. ಮೋಜಿಗಾಗಿ ಹಿನ್ನೀರಿನ ಬಯಲಿಗೆ ಜೀಪು, ಬೈಕು ಇಳಿಸುವವರ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ ಆಗುತ್ತದೆ ಎಂಬುದನ್ನು ಅವರಿಗೆ ತಿಳಿಸಬೇಕು.

ಹಾಗಾದರೆ ಹಿನ್ನೀರಿಗೆ ಹೋಗುವುದೇ ಬೇಡವೇ? ಹೋಗಬಹುದು. ಗಾಡಿಯನ್ನು ರಸ್ತೆಯಲ್ಲಿಯೇ ಬಿಟ್ಟು, ನಾಲ್ಕೈದು ಜನರಿಗಿಂತ ಹೆಚ್ಚಿಲ್ಲದೆ, ಬೆಳಕು ಹರಿಯುವಾಗ ತಲುಪಿ, ಜನರೂ ದನಗಳೂ ನಡೆದಾಡಿದ ಹಾದಿಯಲ್ಲಿಯೇ ಒಂದು ಕಡೆ ಕುಳಿತುಕೊಳ್ಳುವುದು, ಬಿಸಿಲೇರುವ ಮುನ್ನ ಹೊರಡುವುದು. ಟಿಟ್ಟಿಭ ತಲೆಯ ಮೇಲೆ ಬಂದು ಕೂಗಿದರೆ ಬಂದ ದಾರಿಯಲ್ಲಿ ಹಿಂದೆ ಸರಿಯಬೇಕು. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಕರೆಯುವ ಚಾಳಿಯಂತೂ ಈ ತಿಂಗಳುಗಳಲ್ಲಿ ಕೂಡದು. ತನ್ನ ಸರಹದ್ದಿಗೆ ಇನ್ನೊಂದು ಗಂಡು ನುಗ್ಗಿತೆಂದು ಹಕ್ಕಿ ಮರಿಗಳಿಗೆ ತುತ್ತು ತರುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಗೂಡಿನ ಜಾಗವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಲೊಕೇಶನ್ ಸಮೇತ ಹಾಕುವುದೂ ಅಷ್ಟೇ ಕೆಟ್ಟದ್ದು.

ಉಳಿದ ಹಗಲು ವ್ಯರ್ಥವಾಗುತ್ತದೆ ಎನ್ನುವವರು ಊರಿಗೆ ಹಿಂದಿರುಗಿ ಕುಕ್ಕರಹಳ್ಳಿ ಕೆರೆಯ ಅಥವಾ ಲಿಂಗಾಂಬುಧಿ ಕೆರೆಯ ದಂಡೆಯ ಮರದಡಿಯಲ್ಲಿ ಚಿತ್ರಾನ್ನದ ಬುತ್ತಿ ಬಿಚ್ಚಿಕೊಂಡು ಕೂರಬಹುದು. ಉಳಿದ ಹಕ್ಕಿಗಳೆಲ್ಲ ಸುಮ್ಮನಾದ ಸುಡುಹೊತ್ತಿನಲ್ಲಿ ಕಂಚುಗಾರ ಹಕ್ಕಿ ಟಂಕ್ ಟಂಕ್ ಎಂದು ಕುಟ್ಟುತ್ತಲೇ ಇರುತ್ತದೆ. ಅದನ್ನು ಹುಡುಕುವುದೇ ಒಂದು ಆಟ, ಏಕೆಂದರೆ ಕೂಗುವಾಗ ಅದು ಕೊಕ್ಕು ತೆರೆಯುವುದಿಲ್ಲ, ಗಂಟಲಷ್ಟೇ ಉಬ್ಬುತ್ತದೆ.

ಇಷ್ಟಾದ ಮೇಲೂ ನಮ್ಮ ಗುಂಪಿನ ಕ್ಯಾಮೆರಾ ಪ್ರಿಯರೊಬ್ಬರ ತಕರಾರು ಇದ್ದೇ ಇದೆ: "ದೂರದಿಂದಲೇ ನೋಡಿಕೊಂಡು ಬರುವುದಾದರೆ ಲೆನ್ಸು ಯಾಕೆ ಹೊರಬೇಕು ಸ್ವಾಮಿ?" ಅವರಂಥವರಿಗೆ ನನ್ನ ಉತ್ತರ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ, ಕೆಳಗೆ ನಡೆಯುವ ಮದುವೆ ದಿಬ್ಬಣಕ್ಕೂ ಬೆದರುವುದಿಲ್ಲ. ತಾಯಿಯ ಗಂಟಲ ಚೀಲದೊಳಗೆ ತಲೆ ತೂರಿಸಿ ಮೀನು ತಿನ್ನುವ ಹೆಜ್ಜಾರ್ಲೆ ಮರಿಯನ್ನು ಬೀದಿಯಲ್ಲಿ ನಿಂತೇ ನೋಡಬಹುದು; ನಡುಹಗಲಿನಲ್ಲಿ ರೆಕ್ಕೆ ಹರಡಿ ಮರಿಗಳಿಗೆ ನೆರಳು ಹಿಡಿದ ಬಣ್ಣದ ಕೊಕ್ಕರೆಯನ್ನೂ. ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಹೇಳುತ್ತಾರೆ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಅಲ್ಲಿ ಹೆಜ್ಜಾರ್ಲೆ ಬಳಗವಿದೆ, 2007ರಲ್ಲಿ ಊರಿಗೆ ಸಮುದಾಯ ಮೀಸಲು ಪ್ರದೇಶದ ಮನ್ನಣೆಯೂ ಸಿಕ್ಕಿದೆ. ಗೂಡು ತುಂಬಿದ ಮರದ ಯಜಮಾನನಿಗೆ ಹುಣಸೆಹಣ್ಣಿನ ಆದಾಯ ಖೋತಾ ಆಗುತ್ತದೆ ಎಂಬುದು ಫೋಟೊ ತೆಗೆದು ಬರುವ ನಮಗೆ ಹೊಳೆಯುವುದೇ ಇಲ್ಲ. ಹೋದವರು ಅಲ್ಲಿನ ಅಂಗಡಿಯಲ್ಲಿಯೇ ಕಾಫಿ ಕುಡಿಯಿರಿ, ಯಾರಾದರೂ ಹುಣಸೆಹಣ್ಣು ಮಾರುತ್ತಿದ್ದರೆ ಚೌಕಾಸಿ ಮಾಡದೆ ಕೊಂಡು ತನ್ನಿ.